ಹಾಡಬಲ್ಲವರೆಲ್ಲ ಸಂಗೀತ ಚಿಕಿತ್ಸೆ ನೀಡಬಹುದೇ?

ಪ್ರಶ್ನೆ: ನಾನು ಗಾಯಕಿ. ಹಲವು ವರ್ಷಗಳಿಂದ ಸಂಗೀತ ಪಾಠ ಹೇಳುತ್ತಿದ್ದೇನೆ. ಈಚೆಗೆ ಮೂರು ಸಂಗತಿಗಳು ಒಟ್ಟಿಗೇ ಎದುರಾಗಿ ನನ್ನನ್ನು ಗೊಂದಲಕ್ಕೆ ಕೆಡವಿವೆ. ವಿದ್ಯಾರ್ಥಿನಿಯೊಬ್ಬಳ ತಂದೆಗೆ ಪಾರ್ಶ್ವವಾಯುವಾಗಿ ಮಾತು ನಿಂತುಹೋಗಿದೆ. ‘ನೀರು’ ಎಂದು ಕೇಳಲೂ ಆಗದವರು, ಮಗಳು ಹಳೆಯ ಹಾಡೊಂದನ್ನು ಎತ್ತಿಕೊಂಡರೆ ಸಾಹಿತ್ಯದ ಸಮೇತ ಜತೆಗೂಡುತ್ತಾರೆ. ‘ನೀವು ಬಂದು ಸಂಗೀತ ಚಿಕಿತ್ಸೆ ಕೊಟ್ಟರೆ ಮಾತು ಮರಳಿ ಬರುತ್ತದಲ್ಲವೇ ಮೇಡಂ’ ಎಂದು ಮನೆಯವರು ಕೇಳುತ್ತಿದ್ದಾರೆ. ಎರಡನೆಯದಾಗಿ, ಖಿನ್ನತೆಗೆ ಔಷಧ ತೆಗೆದುಕೊಳ್ಳುತ್ತಿರುವ ಒಬ್ಬ ಶಿಷ್ಯ ವಿಳಂಬ ಗತಿಯ ಹಾಡು ಹಾಡುವಾಗಲೆಲ್ಲ ಅಳುತ್ತಾನೆ. ಅತ್ತ ಮೇಲೆ ಹಗುರವಾಗುತ್ತದೆ, ಹೀಗೇ ಹಾಡುತ್ತಿದ್ದರೆ ಮಾತ್ರೆ ಬಿಡಬಹುದೇನೋ ಎನ್ನುತ್ತಾನೆ. ಮೂರನೆಯದು, ಒಂದು ಖಾಸಗಿ ಆರೋಗ್ಯ ಕೇಂದ್ರದವರು ಎರಡು ದಿನಗಳ ತರಬೇತಿ ಕೊಟ್ಟು ನನ್ನನ್ನು ‘ಸಂಗೀತ ಚಿಕಿತ್ಸಕಿ’ ಎಂದು ನೇಮಿಸಿಕೊಳ್ಳಲು ಸಿದ್ಧರಿದ್ದಾರೆ. ಅವರ ಕೈಪಿಡಿಯಲ್ಲಿ ಯಾವ ರಾಗ ಯಾವ ಕಾಯಿಲೆಗೆ ಎಂಬ ಪಟ್ಟಿ, 432 ಹರ್ಟ್ಸ್ ಶ್ರುತಿಯ ಮಹಿಮೆ, ಮೊಜಾರ್ಟ್ ಕೇಳಿದರೆ ಬುದ್ಧಿ ಚುರುಕಾಗುತ್ತದೆ ಎಂಬ ಮಾತು ಎಲ್ಲವೂ ಇವೆ. ನನ್ನ ಸಂಗೀತಗಾರ ಗೆಳೆಯರಲ್ಲಿ ಕೆಲವರು ಇದೆಲ್ಲ ಬೊಗಳೆ ಎನ್ನುತ್ತಾರೆ. ಉಳಿದವರು ಸಂಗೀತವೇ ಚಿಕಿತ್ಸೆ, ಅದಕ್ಕೆ ಬೇರೆ ಓದು ಯಾಕೆ ಎನ್ನುತ್ತಾರೆ. ನಾನು ಏನು ಮಾಡಬಹುದು, ಏನು ಮಾಡಬಾರದು?

ಉತ್ತರ: ನೀವು ಬರೆದಿರುವ ಸಂಗತಿಗಳು ಮೂರಾದರೂ ಅವುಗಳ ಬೇರು ಒಂದೇ. ಸಂಗೀತಕ್ಕೆ ಗುಣಪಡಿಸುವ ಶಕ್ತಿ ಇದೆ ಎಂದಾದರೆ, ಸಂಗೀತವನ್ನು ಚೆನ್ನಾಗಿ ಬಲ್ಲ ನನಗೆ ಚಿಕಿತ್ಸೆ ನೀಡುವ ಅರ್ಹತೆಯೂ ತಾನಾಗಿ ಬಂದಿದೆಯೇ ಎಂಬುದು ನಿಮ್ಮ ಅನುಮಾನ. ಬಂದಿಲ್ಲ ಎನ್ನುವುದಾದರೆ, ನಂಬಿಕೊಂಡು ಬಂದವರನ್ನು ಬರಿಗೈಯಲ್ಲಿ ಕಳುಹಿಸಬೇಕೇ ಎಂಬುದು ನಿಮ್ಮ ಕಳವಳ. ವಾದ್ಯ ನುಡಿಸಿಕೊಂಡಿದ್ದು, ಆಮೇಲೆ ತರಬೇತಿ ಪಡೆದು ಆಸ್ಪತ್ರೆಯಲ್ಲಿ ಸಂಗೀತ ಚಿಕಿತ್ಸಕನಾದ ನನ್ನನ್ನು ಸಂಗೀತಗಾರರು ಅತಿ ಹೆಚ್ಚು ಕೇಳುವುದೂ ಇದನ್ನೇ. ಅರ್ಹತೆ ತಾನಾಗಿ ಬರುವುದಿಲ್ಲ. ಹಾಗೆಂದು ನೀವು ಕೈಕಟ್ಟಿ ಕೂರಬೇಕಾಗಿಯೂ ಇಲ್ಲ. ಈ ಎರಡರ ನಡುವೆ ನಿಮಗೆಷ್ಟು ಜಾಗ ಇದೆ ಎಂಬುದನ್ನು ವಿವರವಾಗಿ ನೋಡೋಣ.

ಕಛೇರಿಯಲ್ಲಿ ಹಾಡು ಚೆನ್ನಾಗಿ ಬಂತೇ ಎಂದು ಕೇಳುತ್ತೇವೆ. ಚಿಕಿತ್ಸೆಯಲ್ಲಿ ಕೇಳುವುದು ಎದುರಿಗಿರುವ ವ್ಯಕ್ತಿಯಲ್ಲಿ ಏನು ಬದಲಾಯಿತು ಎಂದು. ಚಿಕಿತ್ಸಕ ಮೊದಲ ಭೇಟಿಗಳಲ್ಲಿ ಆ ವ್ಯಕ್ತಿಯ ಮಾತು, ಚಲನೆ, ಗಮನ, ಮನಃಸ್ಥಿತಿ, ಶ್ರವಣಶಕ್ತಿ ಮತ್ತು ಅವರ ಬದುಕಿನಲ್ಲಿ ಸಂಗೀತಕ್ಕಿದ್ದ ಸ್ಥಾನವನ್ನು ಪರಿಶೀಲಿಸುತ್ತಾನೆ. ಆಮೇಲೆ ವೈದ್ಯರು, ವಾಕ್ ಚಿಕಿತ್ಸಕರು, ಫಿಸಿಯೋಥೆರಪಿಸ್ಟ್ ಮೊದಲಾದವರೊಡನೆ ಮಾತನಾಡಿ, ಇಷ್ಟು ವಾರಗಳಲ್ಲಿ ಐದು ಅಗತ್ಯದ ಮಾತುಗಳನ್ನು ಯಾರ ಸುಳಿವೂ ಇಲ್ಲದೆ ಹೇಳುವಂತಾಗಬೇಕು ಎನ್ನುವಷ್ಟು ಖಚಿತವಾದ ಗುರಿ ಇಟ್ಟುಕೊಳ್ಳುತ್ತಾನೆ. ಪ್ರತಿ ಭೇಟಿಯಲ್ಲಿ ನಡೆದದ್ದನ್ನು ದಾಖಲಿಸಿ, ಪ್ರಗತಿ ಕಾಣದಿದ್ದರೆ ವಿಧಾನವನ್ನು ಬದಲಿಸುತ್ತಾನೆ ಅಥವಾ ನಿಲ್ಲಿಸುತ್ತಾನೆ. ಬಳಸುವ ವಿಧಾನಗಳನ್ನು ಸಾಮಾನ್ಯವಾಗಿ ನಾಲ್ಕಾಗಿ ವಿಂಗಡಿಸುವುದುಂಟು: ಕೇಳಿಸುವುದು, ಗೊತ್ತಿರುವುದನ್ನು ಹಾಡಿಸುವುದು ಅಥವಾ ನುಡಿಸುವುದು, ಜತೆಗೂಡಿ ಆಶುವಾಗಿ ನುಡಿಸುವುದು, ಹೊಸ ಹಾಡು ಕಟ್ಟುವುದು. ಶಸ್ತ್ರಚಿಕಿತ್ಸೆಗೆ ಮುನ್ನ ನರ್ಸ್ ರೋಗಿಗೆ ಹೆಡ್‌ಫೋನ್ ಹಾಕಿ ಇಷ್ಟದ ಹಾಡು ಕೇಳಿಸುವುದು ಈ ಅರ್ಥದಲ್ಲಿ ಸಂಗೀತ ಚಿಕಿತ್ಸೆಯಲ್ಲ, ಆದರೆ ಉಪಯುಕ್ತವೇ. ಅದರಿಂದ ಆತಂಕ ಇಳಿಯುತ್ತದೆ ಎನ್ನಲು ಸಾಕಷ್ಟು ಅಧ್ಯಯನಗಳ ಬೆಂಬಲ ಇದೆ. ಬೇಸರವಾದಾಗ ನಾವೇ ಹಾಡು ಹಾಕಿಕೊಂಡು ಕೇಳುವುದು ಮೂರನೆಯ ಬಗೆ. ಸಂಗೀತಗಾರರ ನಡುವಿನ ವಾದಗಳಲ್ಲಿ ಅರ್ಧಕ್ಕರ್ಧ ಈ ಮೂರನ್ನೂ ಒಂದೇ ಹೆಸರಿನಿಂದ ಕರೆಯುವುದರಿಂದಲೇ ಹುಟ್ಟಿದವು.

ಬೇರೆ ಓದು ಯಾಕೆ ಎನ್ನುವ ನಿಮ್ಮ ಗೆಳೆಯರಿಗೆ ಈ ವೃತ್ತಿಯ ಚರಿತ್ರೆಯೇ ಉತ್ತರ ಕೊಡುತ್ತದೆ. ಎರಡನೆಯ ಮಹಾಯುದ್ಧದ ಹೊತ್ತಿನಲ್ಲಿ ಅಮೆರಿಕದ ಸೈನಿಕ ಆಸ್ಪತ್ರೆಗಳಲ್ಲಿ ಗಾಯಾಳುಗಳಿಗಾಗಿ ಹಾಡಲು, ನುಡಿಸಲು ಬಂದವರು ನಿಮ್ಮಂಥ ಸಂಗೀತಗಾರರೇ. ಅವರ ಸಂಗೀತದಿಂದ ಸೈನಿಕರಲ್ಲಿ ಆಗುತ್ತಿದ್ದ ಬದಲಾವಣೆಯನ್ನು ವೈದ್ಯರು ಗಮನಿಸಿದರು; ಜತೆಗೆ, ಎದುರಿಗಿರುವವನು ಕುಸಿದು ಅತ್ತಾಗ ಅಥವಾ ಕೆರಳಿದಾಗ ಏನು ಮಾಡಬೇಕೆಂಬುದಕ್ಕೆ ಸಂಗೀತದ ಪಾಂಡಿತ್ಯವೊಂದೇ ಸಾಲದು ಎಂಬುದೂ ಬೇಗನೆ ಗೊತ್ತಾಯಿತು. 1944ರಲ್ಲಿ ಮಿಷಿಗನ್ ಸ್ಟೇಟ್ ಕಾಲೇಜಿನಲ್ಲಿ ಇದಕ್ಕಾಗಿಯೇ ಪದವಿ ತರಬೇತಿ ಶುರುವಾಯಿತು. 1950ರಲ್ಲಿ ರಾಷ್ಟ್ರೀಯ ಸಂಘ ಹುಟ್ಟಿತು. ಬ್ರಿಟನ್‌ನಲ್ಲಿ ಈ ಕೆಲಸಕ್ಕೆ ಬುನಾದಿ ಹಾಕಿದ ಜೂಲಿಯೆಟ್ ಆಲ್ವಿನ್ ಸ್ವತಃ ಚೆಲ್ಲೊ ವಾದಕಿ. ಆಕೆ 1958ರಲ್ಲಿ ಸಂಘ ಕಟ್ಟಿದರು. 1959ರಲ್ಲಿ ಜತೆಯಾದ ಪಾಲ್ ನಾರ್ಡಾಫ್ ಮತ್ತು ಕ್ಲೈವ್ ರಾಬಿನ್ಸ್ ಅವರಲ್ಲಿ ಮೊದಲನೆಯವರು ಸ್ವರ ಸಂಯೋಜಕರು, ಎರಡನೆಯವರು ವಿಶೇಷ ಮಕ್ಕಳ ಶಿಕ್ಷಕರು. ಅಳುತ್ತಿರುವ ಮಗುವನ್ನು ಸುಮ್ಮನಾಗಿಸುವ ಬದಲು ಆ ಅಳುವಿನ ಶ್ರುತಿಗೇ ಪಿಯಾನೊ ಹೊಂದಿಸಿ, ಅಳುವನ್ನೇ ಸಂಭಾಷಣೆಯಾಗಿ ಮಾಡಿಕೊಳ್ಳುವುದು ಅವರ ವಿಧಾನದ ಒಂದು ಭಾಗ. ಸಂಗೀತಗಾರನ ಕಿವಿ ಇಲ್ಲದೆ ಅದು ಸಾಧ್ಯವೇ ಇಲ್ಲ. ಆದರೆ ಆ ಕಿವಿಯನ್ನು ಎತ್ತ ತಿರುಗಿಸಬೇಕೆಂದು ಗೊತ್ತಿದ್ದದ್ದು ಮಕ್ಕಳನ್ನು ಬಲ್ಲ ಜತೆಗಾರನಿಗೆ.

ಕೈಪಿಡಿಯ ಪಟ್ಟಿಯ ವಿಷಯಕ್ಕೆ ಬರುತ್ತೇನೆ. ಇಂಥ ರಾಗಕ್ಕೆ ಇಂಥ ಕಾಯಿಲೆ ಗುಣವಾಗುತ್ತದೆ ಎನ್ನುವ ಪಟ್ಟಿಗಳನ್ನು ಹತ್ತಾರು ಬಾರಿ ನೋಡಿದ್ದೇನೆ. ಎರಡು ಪಟ್ಟಿಗಳು ಪರಸ್ಪರ ತಾಳೆಯಾಗಿದ್ದನ್ನು ಮಾತ್ರ ಕಂಡಿಲ್ಲ. ರಾಗಕ್ಕೆ ಭಾವವಿಲ್ಲ ಎಂದು ಇದರರ್ಥವಲ್ಲ. 1999ರಲ್ಲಿ ಬಾಲ್ಕ್‌ವಿಲ್ ಮತ್ತು ಥಾಂಪ್ಸನ್ ಎಂಬ ಸಂಶೋಧಕರು ಹಿಂದೂಸ್ತಾನಿ ರಾಗಗಳ ತುಣುಕುಗಳನ್ನು ಆ ಸಂಗೀತದ ಪರಿಚಯವೇ ಇಲ್ಲದ ಪಾಶ್ಚಾತ್ಯ ಕೇಳುಗರಿಗೆ ಕೇಳಿಸಿದರು. ಸಂತೋಷ, ದುಃಖ, ಕೋಪ ಈ ಮೂರು ಭಾವಗಳನ್ನು ಅವರು ಬಹುಮಟ್ಟಿಗೆ ಸರಿಯಾಗಿಯೇ ಗುರುತಿಸಿದರು. ಹೀಗೆ ಗುರುತಿಸಲು ಅವರಿಗೆ ನೆರವಾದದ್ದು ಗತಿ, ಲಯದ ಸಂಕೀರ್ಣತೆ, ಸ್ವರಸಂಚಾರದ ಸ್ವರೂಪ ಇಂಥ ಲಕ್ಷಣಗಳು. ಶಾಂತಿಯನ್ನು ಸೂಚಿಸಬೇಕಿದ್ದ ರಾಗಗಳಲ್ಲಿ ಮಾತ್ರ ಆ ಭಾವ ಅವರಿಗೆ ಹಾಗೆ ದಕ್ಕಲಿಲ್ಲ. ‘ಮನಸ್ಸಿಗೆ ನೆಮ್ಮದಿ ನೀಡುವ ರಾಗ’ ಎಂಬ ಶೀರ್ಷಿಕೆಯಲ್ಲಿ ಮಾರಾಟವಾಗುವ ಧ್ವನಿಮುದ್ರಿಕೆಗಳನ್ನು ನೋಡಿದಾಗಲೆಲ್ಲ ನನಗೆ ಈ ಅಧ್ಯಯನ ನೆನಪಾಗುತ್ತದೆ. ಭಾವವನ್ನು ಗುರುತಿಸುವುದು ಒಂದು ಹಂತ, ಅದನ್ನು ಅನುಭವಿಸುವುದು ಇನ್ನೊಂದು, ಅದರಿಂದ ರಕ್ತದೊತ್ತಡವೋ ಸಕ್ಕರೆ ಕಾಯಿಲೆಯೋ ಹತೋಟಿಗೆ ಬರುವುದು ತೀರಾ ಬೇರೆ ಹಂತ. ಪಟ್ಟಿ ಬರೆದವರು ಮೊದಲ ಹಂತದಿಂದ ನೇರ ಮೂರನೆಯದಕ್ಕೆ ಜಿಗಿದಿರುತ್ತಾರೆ. ಒಂದೇ ರಾಗವನ್ನು ನೀವು ಮಧ್ಯಮ ಕಾಲದಲ್ಲಿ ಮೇಲಿನ ಸ್ಥಾಯಿಯಲ್ಲಿ ಹಾಡಿದರೂ, ಮಂದ್ರದಲ್ಲಿ ನಿಧಾನವಾಗಿ ಹಾಡಿದರೂ ಪರಿಣಾಮ ಒಂದೇ ಆಗಿರುತ್ತದೆಯೇ ಎಂದು ನಿಮ್ಮನ್ನೇ ಕೇಳಿಕೊಳ್ಳಿ. ಇಷ್ಟರ ಮೇಲೆ ಕೇಳುವವರ ನೆನಪುಗಳ ಪ್ರಶ್ನೆ ಬೇರೆ ಇದೆ. ಒಬ್ಬರಿಗೆ ಹಿತವಾದದ್ದು ಇನ್ನೊಬ್ಬರಿಗೆ ತಾಯಿ ತೀರಿಕೊಂಡ ದಿನ ಕೇಳಿಬರುತ್ತಿದ್ದ ಸಂಗೀತವಾಗಿರಬಹುದು.

432 ಹರ್ಟ್ಸ್ ವಿಷಯವನ್ನು ಗಾಯಕಿಯಾದ ನಿಮಗೆ ಹೆಚ್ಚು ವಿವರಿಸಬೇಕಿಲ್ಲ. 440 ಎಂಬುದು ವಾದ್ಯಗಳು ಒಂದಕ್ಕೊಂದು ಕೂಡಲಿ ಎಂದು ಪಾಶ್ಚಾತ್ಯ ಸಂಗೀತದ ‘ಎ’ ಸ್ವರಕ್ಕೆ ಇಪ್ಪತ್ತನೆಯ ಶತಮಾನದಲ್ಲಿ ಒಪ್ಪಿಕೊಂಡ ಅಳತೆ. ಅದಕ್ಕೂ ಮೊದಲು, 1859ರಲ್ಲಿ, ಫ್ರಾನ್ಸ್ ಅದೇ ಸ್ವರವನ್ನು 435ಕ್ಕೆ ನಿಗದಿ ಮಾಡಿತ್ತು. 440ಕ್ಕೂ 432ಕ್ಕೂ ಇರುವ ವ್ಯತ್ಯಾಸ ಅರ್ಧ ಸ್ವರದ ಮೂರನೆಯ ಒಂದು ಭಾಗದಷ್ಟು. ತಂತಮ್ಮ ಕಂಠಕ್ಕೆ ಒಗ್ಗುವ ಕಡೆ ಷಡ್ಜ ಇಟ್ಟುಕೊಂಡು ಹಾಡುವ ಗಾಯಕರಿಗೆಲ್ಲ ಆ ಒಂದು ಸಂಖ್ಯೆಯಲ್ಲಿ ರೋಗನಿವಾರಕ ಗುಣ ಅಡಗಿದೆ ಎನ್ನುವುದನ್ನು ಹೇಗೆ ಒಪ್ಪುವುದು? ಮೊಜಾರ್ಟ್ ಕಥೆಗೆ ಮಾತ್ರ ನಿಜವಾದ ಪ್ರಯೋಗವೊಂದರ ಮೂಲ ಇದೆ. 1993ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿದ್ದವರು 36 ಮಂದಿ ಕಾಲೇಜು ವಿದ್ಯಾರ್ಥಿಗಳು. ಎರಡು ಪಿಯಾನೊಗಳಿಗಾಗಿ ಬರೆದ ಒಂದು ಸೊನಾಟಾವನ್ನು ಹತ್ತು ನಿಮಿಷ ಕೇಳಿದ ಬಳಿಕ ಆಕಾರಗಳನ್ನು ಮನಸ್ಸಿನಲ್ಲಿ ಮಡಚಿ ಬಿಡಿಸುವಂಥ ಪರೀಕ್ಷೆಯಲ್ಲಿ ಅವರ ಅಂಕ ಹೆಚ್ಚಿತು, ಆ ಹೆಚ್ಚಳ ಹತ್ತು ಹದಿನೈದು ನಿಮಿಷಗಳಲ್ಲಿ ಇಳಿದುಹೋಯಿತು. ಶಿಶುಗಳ ಮಾತು ಅಲ್ಲಿ ಬಂದೇ ಇರಲಿಲ್ಲ. ಆದರೂ 1998ರಲ್ಲಿ ಅಮೆರಿಕದ ಜಾರ್ಜಿಯಾ ರಾಜ್ಯದ ಗವರ್ನರ್, ಹುಟ್ಟಿದ ಪ್ರತಿ ಮಗುವಿಗೂ ಶಾಸ್ತ್ರೀಯ ಸಂಗೀತದ ಧ್ವನಿಮುದ್ರಿಕೆ ಕೊಡಲು ಹಣ ಕೇಳಿದರು. ಮುಂದಿನ ಅಧ್ಯಯನಗಳು, ಕೇಳುಗನನ್ನು ಲವಲವಿಕೆಗೊಳಿಸುವ ಯಾವುದೇ ಚಟುವಟಿಕೆಯಿಂದ ಆ ತಾತ್ಕಾಲಿಕ ಪರಿಣಾಮ ಬರಬಹುದೆಂದು ತೋರಿಸಿದವು.

ಇನ್ನು ನಿಮ್ಮ ವಿದ್ಯಾರ್ಥಿನಿಯ ತಂದೆ. ಇಲ್ಲಿ ಮನೆಯವರು ಕಂಡದ್ದು ನಿಜ. ಅದರಿಂದ ಅವರು ತಲುಪಿದ ತೀರ್ಮಾನ ಮಾತ್ರ ಅವಸರದ್ದು. ಮಿದುಳಿನ ಎಡಭಾಗದ ಮುಂದಿನ ಪ್ರದೇಶಕ್ಕೆ ಪೆಟ್ಟಾದಾಗ ಮಾತನ್ನು ಹೊಸದಾಗಿ ಕಟ್ಟಿ ಹೊರಡಿಸುವ ಶಕ್ತಿ ಕುಂದುತ್ತದೆ, ಕೇಳಿದ್ದನ್ನು ಅರ್ಥಮಾಡಿಕೊಳ್ಳುವ ಶಕ್ತಿ ತಕ್ಕಮಟ್ಟಿಗೆ ಉಳಿದಿರುತ್ತದೆ. ಇದು ಅಫೇಸಿಯಾದ ಒಂದು ಬಗೆ. ಬಾಯಿಪಾಠವಾದ ಹಾಡು, ಅಂಕಿಗಳ ಎಣಿಕೆ, ವಾರಗಳ ಹೆಸರು, ‘ನಮಸ್ಕಾರ’ದಂಥ ರೂಢಿಯ ಮಾತು ಇವೆಲ್ಲ ಒಂದರ ಹಿಂದೆ ಒಂದು ತಾವಾಗಿ ಉರುಳಿ ಬರುವಂಥವು, ಅವಕ್ಕೆ ಮಿದುಳಿನ ಬಲಭಾಗವೂ ಒಳಗಿನ ಕೆಲವು ಭಾಗಗಳೂ ಆಧಾರವಾಗಿರುತ್ತವೆ. ಹಾಗಾಗಿಯೇ ಅವರು ಹಾಡುತ್ತಾರೆ. ಆದರೆ ಹಾಡಿನೊಳಗೆ ‘ನೀರು’ ಎಂಬ ಪದ ಬಂದರೂ ಬಾಯಾರಿದಾಗ ಅದನ್ನು ಅಲ್ಲಿಂದ ಕಿತ್ತು ತಂದು ಬಳಸಲು ಅವರಿಗೆ ಆಗುವುದಿಲ್ಲ. ದಿನಕ್ಕೆ ಹತ್ತು ಹಾಡು ಹಾಡಿಸಿದರೆ ಹತ್ತು ಹಾಡು ಗಟ್ಟಿಯಾಗುತ್ತವೆ, ಮಾತು ಅಲ್ಲೇ ನಿಂತಿರುತ್ತದೆ.

ಈ ಅಂತರವನ್ನು ದಾಟಲೆಂದೇ 1973ರಲ್ಲಿ ಆಲ್ಬರ್ಟ್, ಸ್ಪಾರ್ಕ್ಸ್ ಮತ್ತು ಹೆಲ್ಮ್ ಎಂಬ ಮೂವರು ಒಂದು ವಿಧಾನವನ್ನು ಮುಂದಿಟ್ಟರು. ಸ್ವರದ ಏರಿಳಿತದ ಮೂಲಕ ಮಾತಿನ ಚಿಕಿತ್ಸೆ ಎಂದು ಅದನ್ನು ಕರೆಯಬಹುದು. ಅದು ಹೇಗೆ ನಡೆಯುತ್ತದೆ ಎಂಬುದನ್ನು ನಾನು ಕಂಡ ಒಬ್ಬ ನಿವೃತ್ತ ಮೇಷ್ಟ್ರ ಉದಾಹರಣೆಯಿಂದ ಹೇಳುತ್ತೇನೆ. ಆ ದಿನದ ಮಾತು ‘ನೀರು ಬೇಕು’. ಬಳಸುವುದು ಎರಡೇ ಸ್ವರ. ಅವುಗಳ ನಡುವಣ ಅಂತರ ಷಡ್ಜಕ್ಕೂ ಸಾಧಾರಣ ಗಾಂಧಾರಕ್ಕೂ ಇರುವಷ್ಟು. ಇಂಗ್ಲಿಷಿನಲ್ಲಿ ಒತ್ತಿ ನುಡಿಯುವ ಅಕ್ಷರಕ್ಕೆ ಮೇಲಿನ ಸ್ವರ ಕೊಡುತ್ತಾರೆ. ಕನ್ನಡದಲ್ಲಿ ಅಂಥ ಒತ್ತು ಎದ್ದು ಕಾಣುವುದಿಲ್ಲವಾದ್ದರಿಂದ ನಾವು ವಾಕ್ಯದ ಸಹಜ ಏರಿಳಿತವನ್ನೇ ಹಿಡಿಯುತ್ತೇವೆ. ವಾಕ್ ಚಿಕಿತ್ಸಕಿ ಅವರ ಎಡಗೈ ಹಿಡಿದು, ಅಕ್ಷರಕ್ಕೊಂದರಂತೆ ಮೇಜಿನ ಮೇಲೆ ನಾಲ್ಕು ಬಾರಿ ಮೆಲ್ಲಗೆ ತಟ್ಟಿಸುತ್ತಿದ್ದಳು. ಮೊದಲು ನಾನು ಬಾಯಿ ಮುಚ್ಚಿ ಗುನುಗಿದೆ, ಅವರೂ ಗುನುಗಿದರು. ಆಮೇಲೆ ಇಬ್ಬರೂ ಕೂಡಿ ‘ನೀ-ರು-ಬೇ-ಕು’. ನಂತರ ನಡುದಾರಿಯಲ್ಲಿ ನಾನು ದನಿ ಇಳಿಸಿ ಹಿಂದೆ ಸರಿದೆ. ‘ಬೇ’ ಎಂಬಲ್ಲಿ ಅವರು ತಡೆದರು, ಕೈ ಮಾತ್ರ ತಟ್ಟುತ್ತಲೇ ಇತ್ತು, ಸುಮಾರು ಹೊತ್ತಿನ ಮೇಲೆ ‘ಕು’ ತಾನಾಗಿ ಬಂತು. ಮುಂದಿನ ಹಂತದಲ್ಲಿ ನಾನು ಹೇಳಿ ಮುಗಿಸಿದ ಮೇಲೆ ಅವರು ಹೇಳಬೇಕು. ಅದರ ಮುಂದೆ, ‘ಏನು ಬೇಕು?’ ಎಂಬ ಪ್ರಶ್ನೆಗೆ ಉತ್ತರವಾಗಿ ಹೇಳಬೇಕು. ಕೊನೆಗೆ ರಾಗದ ಎಳೆತವನ್ನು ಕಡಿಮೆ ಮಾಡುತ್ತಾ ಸಾಮಾನ್ಯ ಮಾತಿನ ಧಾಟಿಗೆ ಇಳಿಯಬೇಕು. ಇದು ವಾರಗಟ್ಟಲೆ, ಹೆಚ್ಚುಕಡಿಮೆ ದಿನವೂ ನಡೆಯಬೇಕಾದ ಕೆಲಸ.

ಇದರಲ್ಲಿ ಸಂಗೀತಗಾರರು ಎಡವುವ ಜಾಗಗಳನ್ನು ಗಮನಿಸಿ. ಎರಡೇ ಸ್ವರಗಳ ಆ ಬೋಳು ಸಾಲಿಗೆ ಒಂದಿಷ್ಟು ಗಮಕ ಸೇರಿಸೋಣ ಅನ್ನಿಸುತ್ತದೆ; ಸೇರಿಸಿದ ಕೂಡಲೇ ರೋಗಿಯ ಗಮನ ಪದದಿಂದ ರಾಗಕ್ಕೆ ಜಾರುತ್ತದೆ. ಸಾಲು ಯಾವುದೋ ಜನಪ್ರಿಯ ಹಾಡಿನ ಮಟ್ಟನ್ನು ಹೋಲಿದರೆ ಅವರು ಪದವನ್ನು ಬಿಟ್ಟು ಆ ಹಾಡಿಗೇ ಹೊರಟುಬಿಡುತ್ತಾರೆ. ಹಾಗಾಗಿ ಪರಿಚಿತ ಮಟ್ಟುಗಳಿಂದ ಬೇಕೆಂದೇ ದೂರ ಇರುತ್ತೇವೆ. ರೋಗಿ ತಡೆದಾಗ ಉಂಟಾಗುವ ಮೌನವನ್ನು ತುಂಬಿಬಿಡುವ ಚಪಲವನ್ನು ವೇದಿಕೆಯ ಅಭ್ಯಾಸ ನಮ್ಮಲ್ಲಿ ಬೆಳೆಸಿರುತ್ತದೆ. ಆದರೆ ಆ ಮೌನದಲ್ಲೇ ಅವರ ಮಿದುಳು ಕೆಲಸ ಮಾಡುತ್ತಿರುತ್ತದೆ. ಶ್ರುತಿ ತಪ್ಪಿದ್ದನ್ನು ತಿದ್ದುವ ಪ್ರಶ್ನೆಯಂತೂ ಏಳುವುದೇ ಇಲ್ಲ.

ಈ ವಿಧಾನ ಎಲ್ಲ ಬಗೆಯ ಅಫೇಸಿಯಾಕ್ಕೂ ಹೊಂದುವುದಿಲ್ಲ. ಮಾತು ಸರಾಗವಾಗಿ ಬಂದರೂ ಅರ್ಥ ಹಿಡಿಯಲಾಗದವರಿಗೆ ಇದು ಹೆಚ್ಚು ಉಪಯೋಗಕ್ಕೆ ಬರದು. ಇದರಲ್ಲಿ ಕೆಲಸ ಮಾಡುವುದು ಸ್ವರವೋ ಲಯವೋ ಎಂಬ ಚರ್ಚೆಯೂ ಮುಗಿದಿಲ್ಲ. 2011ರಲ್ಲಿ ಬಂದ ಒಂದು ಜರ್ಮನ್ ಅಧ್ಯಯನ, ಹಾಡಿನಿಂದ ಬಂದದ್ದೆಂದು ನಾವು ಭಾವಿಸಿರುವ ಲಾಭದಲ್ಲಿ ಬಹುಪಾಲು ಲಯದಿಂದಲೂ ರೂಢಿಯ ನುಡಿಗಟ್ಟುಗಳಿಂದಲೂ ಬಂದದ್ದು ಎಂದು ವಾದಿಸಿತು. 2011ರಲ್ಲೇ ತಲೆಗೆ ಗುಂಡು ತಗುಲಿ ಮಾತು ಕಳೆದುಕೊಂಡಿದ್ದ ಅಮೆರಿಕದ ಸಂಸದೆ ಗ್ಯಾಬಿ ಗಿಫರ್ಡ್ಸ್ ಅವರ ಚೇತರಿಕೆಯಲ್ಲಿ ಸಂಗೀತ ಚಿಕಿತ್ಸೆಗೂ ಪಾಲಿತ್ತೆಂಬುದು ಬಹಳ ಪ್ರಚಾರ ಪಡೆಯಿತು. ಆಕೆಗೆ ಅದರ ಜತೆಗೇ ತೀವ್ರವಾದ ವಾಕ್ ಚಿಕಿತ್ಸೆಯೂ ನಡೆದಿತ್ತು ಎಂಬ ಮಾತು ಆ ಪ್ರಚಾರದಲ್ಲಿ ಹಿಂದೆ ಬೀಳುತ್ತದೆ.

ಹಾಗಾದರೆ ಆ ಮನೆಗೆ ನೀವು ಹೋಗಬಹುದೇ? ಖಂಡಿತ ಹೋಗಿ, ಆದರೆ ಅವರ ವಾಕ್ ಚಿಕಿತ್ಸಕರೊಡನೆ ಮಾತನಾಡಿದ ಮೇಲೆ. ಇನ್ನೂ ವಾಕ್ ಚಿಕಿತ್ಸಕರನ್ನು ಕಂಡೇ ಇಲ್ಲ ಎಂದಾದರೆ ಮನೆಯವರನ್ನು ಮೊದಲು ಅಲ್ಲಿಗೆ ಕಳುಹಿಸಿ. ಪಾರ್ಶ್ವವಾಯುವಿನ ನಂತರದ ಮೊದಲ ತಿಂಗಳುಗಳು ಚೇತರಿಕೆಗೆ ಬಹಳ ಮುಖ್ಯ. ನಿಮ್ಮ ಪಾಠವನ್ನೇ ಚಿಕಿತ್ಸೆಯೆಂದು ನಂಬಿಕೊಂಡು ಅವರು ಆ ಅವಧಿಯನ್ನು ಕಳೆದುಕೊಂಡರೆ ಅದಕ್ಕಿಂತ ದೊಡ್ಡ ಅಪಾಯವಿಲ್ಲ. ವಾಕ್ ಚಿಕಿತ್ಸಕರು ಆರಿಸಿಕೊಟ್ಟ ನಾಲ್ಕಾರು ಮಾತುಗಳನ್ನು ಅವರು ಹೇಳಿದ ಕ್ರಮದಲ್ಲೇ ಅಭ್ಯಾಸ ಮಾಡಿಸಲು ಮಗಳಿಗೆ ಲಯ ಹಿಡಿಯುವುದನ್ನು ಹೇಳಿಕೊಡುವುದು ನಿಮ್ಮ ಕೈಲಾಗುವ ಕೆಲಸ. ಇಷ್ಟದ ಹಾಡುಗಳನ್ನು ಸುಮ್ಮನೆ ಕೇಳಿಸುವುದನ್ನೂ ಹಗುರವಾಗಿ ಕಾಣಬೇಡಿ. 2008ರ ಫಿನ್ಲೆಂಡಿನ ಅಧ್ಯಯನವೊಂದರಲ್ಲಿ, ಪಾರ್ಶ್ವವಾಯುವಾದ ಹೊಸತರಲ್ಲಿ ಎರಡು ತಿಂಗಳು ದಿನವೂ ತಮ್ಮಿಷ್ಟದ ಸಂಗೀತವನ್ನು ಕೇಳಿದವರ ಪದಗಳ ನೆನಪು ಮತ್ತು ಗಮನ, ಧ್ವನಿಪುಸ್ತಕ ಕೇಳಿದವರಿಗಿಂತಲೂ ಏನನ್ನೂ ಕೇಳದವರಿಗಿಂತಲೂ ಚೆನ್ನಾಗಿ ಸುಧಾರಿಸಿದ್ದವು. ಅಲ್ಲಿ ಸಂಗೀತವನ್ನು ಆರಿಸಿಕೊಂಡವರು ರೋಗಿಗಳೇ ಎಂಬುದನ್ನು ಮರೆಯಬೇಡಿ. ನೀವು ಮೆಚ್ಚಿದ ಕೃತಿಗಿಂತ ಅವರು ಮೆಚ್ಚಿದ ಚಿತ್ರಗೀತೆಗೇ ಅಲ್ಲಿ ಬೆಲೆ.

ಉಳಿದ ಉಪಯೋಗಗಳನ್ನು ಚುಟುಕಾಗಿ ಹೇಳುತ್ತೇನೆ. ಪಾರ್ಕಿನ್ಸನ್ ಕಾಯಿಲೆಯವರ ನಡಿಗೆಯಲ್ಲಿ ಲಯದ ನೆರವು ಎದ್ದು ಕಾಣುವಂಥದ್ದು: ಅವರ ಸಹಜ ಹೆಜ್ಜೆಯ ವೇಗವನ್ನು ಅಳೆದು, ಅದೇ ವೇಗದ ತಟ್ಟನ್ನು ಕೇಳಿಸಿ, ಆಮೇಲೆ ಶೇಕಡ 5ರಿಂದ 10ರಷ್ಟು ಏರಿಸುತ್ತಾ ಹೋಗುತ್ತಾರೆ. ಬೀಳುವ ಅಪಾಯ ಇರುವುದರಿಂದ ಫಿಸಿಯೋಥೆರಪಿಸ್ಟ್ ಪಕ್ಕದಲ್ಲಿರಲೇಬೇಕು. ಡಿಮೆನ್ಷಿಯಾ ಇರುವವರಲ್ಲಿ ಸಂಗೀತಾಧಾರಿತ ಚಿಕಿತ್ಸೆಯಿಂದ ಖಿನ್ನತೆಯ ಲಕ್ಷಣಗಳು ಸ್ವಲ್ಪ ಇಳಿಯುತ್ತವೆ ಎಂದು 2018ರ ಕಾಕ್ರೇನ್ ವಿಮರ್ಶೆ (ಹಲವು ಅಧ್ಯಯನಗಳನ್ನು ಒಟ್ಟಿಗಿಟ್ಟು ತೂಗಿ ನೋಡುವ ವರದಿ) ಹೇಳಿತು. ಕಳೆದುಹೋದ ನೆನಪು ಮರಳುತ್ತದೆ ಎಂದು ಅದು ಹೇಳಲಿಲ್ಲ. ಆಟಿಸಂ ಇರುವ ಮಕ್ಕಳ ವಿಷಯದಲ್ಲಿ 2017ರಲ್ಲಿ ಪ್ರಕಟವಾದ, ಒಂಬತ್ತು ದೇಶಗಳ 364 ಮಕ್ಕಳ ಮೇಲೆ ನಡೆದ ಪ್ರಯೋಗದ ಫಲಿತಾಂಶ ನಮ್ಮ ವೃತ್ತಿಯವರಿಗೇ ನಿರಾಸೆ ತಂದಿತು: ಆಶುಸಂಗೀತ ಚಿಕಿತ್ಸೆ ಪಡೆದ ಮಕ್ಕಳ ಸಾಮಾಜಿಕ ಲಕ್ಷಣಗಳಲ್ಲಿ ಉಳಿದ ಮಕ್ಕಳಿಗಿಂತ ಗಣನೀಯ ವ್ಯತ್ಯಾಸ ಕಾಣಲಿಲ್ಲ. ಬೇರೆ ಅಧ್ಯಯನಗಳನ್ನೂ ಕೂಡಿಸಿ ನೋಡಿದಾಗ ಒಟ್ಟಾರೆ ಸುಧಾರಣೆಯ ಸುಳಿವು ಇದೆ. ಆದರೂ ಸಂಗೀತ ಕಲಿಸಿದರೆ ಆಟಿಸಂ ಹೋಗುತ್ತದೆ ಎಂದು ಹೆತ್ತವರಿಗೆ ಭರವಸೆ ಕೊಡುವವರನ್ನು ನಾನು ಕ್ಷಮಿಸಲಾರೆ.

ನಿಮ್ಮ ಶಿಷ್ಯನ ಅಳುವಿನ ವಿಷಯ ಇದಕ್ಕಿಂತ ಸೂಕ್ಷ್ಮ. ಅತ್ತರೆ ಗುಣವಾಗುತ್ತಿದೆ ಎಂದು ನಂಬಲು ಸಂಗೀತಗಾರರಿಗೆ ಕಷ್ಟವಿಲ್ಲ. ನಮ್ಮ ಹಾಡಿಗೆ ಯಾರಾದರೂ ಕಣ್ಣೀರಿಟ್ಟರೆ ಅದನ್ನು ಮೆಚ್ಚುಗೆಯಾಗಿಯೇ ತೆಗೆದುಕೊಂಡು ಅಭ್ಯಾಸವಾಗಿದೆ. ಅತ್ತು ನಿಜಕ್ಕೂ ಹಗುರವಾಗುವವರಿದ್ದಾರೆ. ಖಿನ್ನತೆ ಇರುವ ಕೆಲವರಲ್ಲಾದರೋ ದುಃಖದ ಸಂಗೀತ ಅದೇ ಆಲೋಚನೆಗಳನ್ನು ಮತ್ತೆ ಮತ್ತೆ ಮೆಲುಕು ಹಾಕಿಸಿ ಇನ್ನಷ್ಟು ಒಳಗೆ ತಳ್ಳುತ್ತದೆ. ಯಾವುದು ನಡೆಯುತ್ತಿದೆ ಎಂಬುದು ಪಾಠದ ಆ ಒಂದು ಗಂಟೆಯಲ್ಲಿ ಗೊತ್ತಾಗುವುದಿಲ್ಲ. ಆ ರಾತ್ರಿ ನಿದ್ರೆ ಹೇಗಿತ್ತು, ಮರುದಿನ ಎದ್ದು ಕೆಲಸಕ್ಕೆ ಹೋದನೇ ಎಂಬುದರಲ್ಲಿ ಗೊತ್ತಾಗುತ್ತದೆ. ಚಿಕಿತ್ಸಕ ಅದನ್ನು ಕೇಳಿ ತಿಳಿದುಕೊಂಡು ಮುಂದಿನ ಹಾಡನ್ನು ಆರಿಸುತ್ತಾನೆ. ವ್ಯಕ್ತಿಯ ಈಗಿನ ಮನಃಸ್ಥಿತಿಗೆ ಹೊಂದುವ ಸಂಗೀತದಿಂದ ಆರಂಭಿಸಿ ಮೆಲ್ಲಗೆ ಬೇಕಾದ ಕಡೆಗೆ ಸರಿಯುವ ಒಂದು ಹಳೆಯ ತತ್ವ ನಮ್ಮಲ್ಲಿದೆ. ಖಿನ್ನತೆಯಲ್ಲಿರುವವನಿಗೆ ಮೊದಲೇ ಉಲ್ಲಾಸದ ಹಾಡು ಹಾಕಿದರೆ ಅವನು ಇನ್ನಷ್ಟು ಒಂಟಿಯಾಗುತ್ತಾನೆ. ದುಃಖದ ಹಾಡಿನಿಂದ ಶುರುಮಾಡಿ ಅಲ್ಲೇ ಬಿಟ್ಟುಬಿಟ್ಟರೂ ತಪ್ಪು. ನೀವು ಪಾಠದಲ್ಲಿ ಇಷ್ಟು ಮಾಡಬಹುದು: ವಿಳಂಬದ ಹಾಡನ್ನು ಕೊನೆಗೆ ಇಟ್ಟುಕೊಳ್ಳಬೇಡಿ, ಅದಾದ ಮೇಲೆ ಮಧ್ಯಮ ಗತಿಯ, ಲಯದ ಮೇಲೆ ಗಮನ ಬೇಡುವ ಅಭ್ಯಾಸ ಮಾಡಿಸಿ ಕಳುಹಿಸಿ. ಅತ್ತಾಗ ಕಾರಣವನ್ನು ಕೆದಕಬೇಡಿ, ನಿಲ್ಲಿಸಿ ನೀರು ಕೊಟ್ಟು ಮುಂದುವರಿಸೋಣವೇ ಎಂದು ಕೇಳಿ.

ಮಾತ್ರೆಯ ಬಗ್ಗೆ ಮಾತ್ರ ಯಾವ ಹಿಂಜರಿಕೆಯೂ ಬೇಡ. ಖಿನ್ನತೆಗೆ ಸಂಗೀತ ಚಿಕಿತ್ಸೆಯ ಪರವಾಗಿ ಇರುವ ಒಳ್ಳೆಯ ಸಾಕ್ಷ್ಯ, 2017ರ ಕಾಕ್ರೇನ್ ವಿಮರ್ಶೆ, ಹೇಳುವುದು ಇದು: ಎಂದಿನ ಚಿಕಿತ್ಸೆಯ ಜತೆಗೆ ಸಂಗೀತ ಚಿಕಿತ್ಸೆಯನ್ನೂ ಸೇರಿಸಿದಾಗ, ಬರೀ ಎಂದಿನ ಚಿಕಿತ್ಸೆಗಿಂತ ಅಲ್ಪಾವಧಿಯಲ್ಲಿ ಹೆಚ್ಚು ಲಾಭ ಕಾಣುತ್ತದೆ. ಎಂದಿನ ಚಿಕಿತ್ಸೆಯನ್ನು ಕೈಬಿಟ್ಟಾಗ ಏನಾಗುತ್ತದೆ ಎಂಬುದು ಅದರ ವಿಷಯವೇ ಅಲ್ಲ. ಔಷಧವನ್ನು ಹಠಾತ್ತನೆ ನಿಲ್ಲಿಸಿದರೆ ತಲೆಸುತ್ತು, ನಿದ್ರಾಹೀನತೆ, ಕಳವಳದಂಥ ತೊಂದರೆಗಳು ಬರಬಹುದು, ಕಾಯಿಲೆಯೂ ಮರುಕಳಿಸಬಹುದು. ‘ಈ ಮಾತನ್ನು ನಿಮ್ಮ ಮನೋವೈದ್ಯರ ಹತ್ತಿರ ಹೇಳಿ, ಅವರು ಹೇಳುವವರೆಗೆ ಬಿಡಬೇಡಿ’ ಎಂದು ಅವನಿಗೆ ನೇರವಾಗಿ ಹೇಳಿ. ಬದುಕು ಸಾಕಾಗಿದೆ ಎಂಬ ಮಾತು ಅವನ ಬಾಯಿಂದ ಬಂದರೆ, ಸಾಯುವ ಯೋಚನೆ ಬರುತ್ತಿದೆಯೇ ಎಂದು ಕೇಳಲು ಹೆದರಬೇಡಿ. ಕೇಳಿದ್ದರಿಂದ ಆ ಯೋಚನೆ ಹುಟ್ಟುವುದಿಲ್ಲ. ಹೌದು ಎಂದರೆ ಒಬ್ಬನನ್ನೇ ಬಿಡದೆ, ಅವನ ಆಪ್ತರಿಗೆ ತಿಳಿಸಿ, ಅಂದೇ ವೈದ್ಯರ ಬಳಿ ತಲುಪಿಸಿ.

ಸಂಗೀತದಿಂದ ಹಾನಿಯೇನೂ ಆಗುವುದಿಲ್ಲ ಎಂಬ ಮಾತನ್ನು ನಮ್ಮವರು ಬಹಳ ಸಲೀಸಾಗಿ ಆಡುತ್ತಾರೆ. ಅಪರೂಪವಾದರೂ, ನಿರ್ದಿಷ್ಟ ಸಂಗೀತ ಕೇಳಿದಾಗಲೇ ಅಪಸ್ಮಾರದ ಸೆಳೆತ ಬರುವವರಿದ್ದಾರೆ. 1937ರಷ್ಟು ಹಿಂದೆಯೇ ವೈದ್ಯರು ಇದಕ್ಕೆ ಪ್ರತ್ಯೇಕ ಹೆಸರು ಕೊಟ್ಟಿದ್ದಾರೆ. ಸದ್ದನ್ನು ಸಹಿಸದ ಮಕ್ಕಳಿಗೆ ತಾಳದ ತೀಕ್ಷ್ಣ ನಾದ ನೋವನ್ನೇ ಉಂಟುಮಾಡಬಹುದು. ಭ್ರಮೆಗಳಿಂದ ಬಳಲುವವರು ಹಾಡಿನ ಸಾಹಿತ್ಯವನ್ನು ತಮಗೇ ಕಳುಹಿಸಿದ ಸಂದೇಶವೆಂದು ತಿಳಿಯಬಹುದು. ಹಿಂದೆ ಹಿಂಸೆ ಅನುಭವಿಸಿದವರಿಗೆ ಯಾವ ಮಟ್ಟು ಯಾವ ನೆನಪನ್ನು ಎಬ್ಬಿಸೀತು ಎಂದು ಮೊದಲೇ ಹೇಳಲಾಗದು. ಇಂಥ ಘಳಿಗೆಯಲ್ಲಿ ಏನು ಮಾಡಬೇಕು ಎಂಬುದನ್ನು ಕಲಿಯುವುದಕ್ಕೇ ತರಬೇತಿಯ ಬಹುಪಾಲು ಹೋಗುತ್ತದೆ. ಅಮೆರಿಕದಲ್ಲಿ ಪದವಿಯ ಜತೆಗೆ 1200 ಗಂಟೆಗಳ ಕ್ಲಿನಿಕಲ್ ತರಬೇತಿ ಮುಗಿಸಿ ಪರೀಕ್ಷೆ ಬರೆಯಬೇಕು. ಬ್ರಿಟನ್‌ನಲ್ಲಿ ನೋಂದಣಿ ಇಲ್ಲದವರು ಸಂಗೀತ ಚಿಕಿತ್ಸಕ ಎಂಬ ಹೆಸರನ್ನು ಬಳಸುವಂತೆಯೇ ಇಲ್ಲ. ಎರಡು ದಿನಗಳಲ್ಲಿ ಕಲಿಯಬಹುದಾದದ್ದು ಈ ಕ್ಷೇತ್ರದ ಪರಿಚಯವನ್ನು ಮಾತ್ರ.

ಆ ಕೇಂದ್ರದ ಪ್ರಸ್ತಾಪದ ಬಗ್ಗೆ ನಿಮ್ಮ ಮುಂದೆ ಇರುವ ದಾರಿಗಳಲ್ಲಿ ಅತ್ಯಂತ ಸುಲಭವಾದದ್ದು, ಕೆಲಸ ಒಪ್ಪಿಕೊಂಡು ಹುದ್ದೆಯ ಹೆಸರನ್ನು ಬದಲಿಸುವಂತೆ ಕೇಳುವುದು. ಸಂಗೀತ ಶಿಕ್ಷಕಿ, ಗಾಯಕಿ, ಸಮೂಹ ಗಾಯನದ ಸಂಯೋಜಕಿ ಇವುಗಳಲ್ಲಿ ಯಾವುದಾದರೂ ನಿಮಗೆ ಒಪ್ಪುತ್ತದೆ. ಕೂಡಿ ಹಾಡುವುದರಿಂದ ಬರುವ ಉಲ್ಲಾಸ, ಒಡನಾಟ, ಉಸಿರಿನ ಅಭ್ಯಾಸ ಇವಕ್ಕೆ ಚಿಕಿತ್ಸೆಯೆಂಬ ಹೆಸರು ಬೇಕಿಲ್ಲ. ಹೀಗೆ ಮಾಡಿದರೂ, ಬಂದವರು ನಿಮ್ಮನ್ನು ಚಿಕಿತ್ಸಕಿಯೆಂದೇ ಭಾವಿಸಿ ಗುಟ್ಟುಗಳನ್ನು ಬಿಚ್ಚಿಡುವ ಸಂಭವ ಇದೆ. ಆಸ್ಪತ್ರೆಗಳಲ್ಲಿ ಸಿಬ್ಬಂದಿಯ ಮೇಲ್ವಿಚಾರಣೆಯಲ್ಲಿ ಹಾಸಿಗೆಯ ಬಳಿ ಮೆಲುದನಿಯಲ್ಲಿ ಹಾಡುವ ಸ್ವಯಂಸೇವಕರಿರುತ್ತಾರೆ. ನಿಮ್ಮ ಸ್ವಭಾವಕ್ಕೆ ಅದು ಹೊಂದಬಹುದು ಎಂದು ನಿಮ್ಮ ಪತ್ರ ಓದಿದಾಗ ಅನ್ನಿಸಿತು. ಅಲ್ಲಿ ರೋಗಿ ಮುಖ ತಿರುಗಿಸಿದರೆ ಹಾಡನ್ನು ನಡುವೆಯೇ ನಿಲ್ಲಿಸಲು ಬರಬೇಕು, ಬಹಳಷ್ಟು ಕಲಾವಿದರಿಗೆ ಅದೇ ಕಷ್ಟ. ಪೂರ್ಣ ತರಬೇತಿ ಪಡೆಯುವುದು ದೀರ್ಘವಾದ, ಖರ್ಚಿನ ದಾರಿ. ಸೇರುವ ಮುನ್ನ ಆ ಕೋರ್ಸಿನಲ್ಲಿ ಮೇಲ್ವಿಚಾರಣೆಯ ಕ್ಲಿನಿಕಲ್ ಕೆಲಸ ಎಷ್ಟು ಗಂಟೆ ಇದೆ, ಮನಃಶಾಸ್ತ್ರ ಮತ್ತು ಅಂಗರಚನಾಶಾಸ್ತ್ರವನ್ನು ಕಲಿಸುವವರು ಯಾರು, ಆ ಪ್ರಮಾಣಪತ್ರವನ್ನು ಮಾನ್ಯ ಮಾಡುವವರು ಯಾರು ಎಂದು ಕೇಳಿ. ಉತ್ತರ ಅಸ್ಪಷ್ಟವಾಗಿದ್ದರೆ ಸೇರಬೇಡಿ.

ಕೇಂದ್ರದವರಿಗೆ ಎರಡು ಷರತ್ತುಗಳನ್ನು ಬರವಣಿಗೆಯಲ್ಲಿ ಕೊಡಿ: ಯಾವ ಕಾಯಿಲೆಯನ್ನೂ ಗುಣಪಡಿಸುವುದಾಗಿ ನಿಮ್ಮ ಹೆಸರಿನಲ್ಲಿ ಜಾಹೀರಾತು ಕೊಡಬಾರದು, ಚಿಕಿತ್ಸೆಯಲ್ಲಿರುವ ಯಾರನ್ನೇ ಆಗಲಿ ಅವರ ವೈದ್ಯರಿಗೆ ತಿಳಿಸದೆ ನಿಮ್ಮ ಬಳಿ ಕಳುಹಿಸಬಾರದು. ಇವೆರಡಕ್ಕೂ ಅವರು ಒಪ್ಪದಿದ್ದರೆ, ಕೈಪಿಡಿಯಲ್ಲಿನ ರಾಗಗಳ ಪಟ್ಟಿಯೇ ಅವರ ವ್ಯಾಪಾರ ಎಂದು ತಿಳಿದು ಆ ಕೆಲಸವನ್ನು ಬಿಟ್ಟುಬಿಡಿ.